ಸಮನಾಮ ಮೀಮಾಂಸೆ ಅಥವಾ ಕುಬಿಹಾಳದಾಗ ಈ ಸಲ ಹೆಸರು ಹೆಂಗ?

ಕುಂದಗೋಳ ತಾಲೂಕಿನ ಕುಬಿಹಾಳದಲ್ಲಿ ನನ್ನ ಕ್ಷೇತ್ರಕಾರ್ಯ ಮೊದಲ ಪ್ರಶ್ನೆಗೇ ಮುಗ್ಗರಿಸಿತು. ಎರಿ ಹೊಲದ ಬದುವಿನ ಮೇಲೆ ಬೀಡಿ ಹಚ್ಚಿಕೊಂಡು ಕುಳಿತಿದ್ದ ಹಿರಿಯರೊಬ್ಬರ ಎದುರು ನೋಟ್‌ಬುಕ್ ಬಿಚ್ಚಿ, ವಿದ್ವಾಂಸನಿಗೆ ತಕ್ಕ ವಿನಯದಿಂದ ಕೇಳಿದೆ: "ಅಜ್ಜಾರ, ನಿಮ್ಮೂರಾಗ ಹೆಸರು ಹೆಂಗ್ರಿ? ಹಿಂದಿನ ಹೆಸರ ಮತ್ತ ಮತ್ತ ಬರತೈತೇನ್ರಿ?"

"ಎಲ್ಲಿ ಬರತೈತೋ ತಮ್ಮಾ," ಅಂದರು ಅಜ್ಜ. "ಹೋದ ವರ್ಷದ ಹೆಸರು ಚಲೋ ಇತ್ತು. ಈ ಸಲದ್ದು ಕೆಟ್ಟು ಹೋತು. ಹೂ ಬಿಡೂ ಮುಂದ ಮಳಿ ಕೈಕೊಟ್ತು, ಕಾಯಿ ಬಿಡಸೂ ಮುಂದ ಬ್ಯಾಡಂದ್ರೂ ಹಿಡಕೊಂಡು ಕುಂತ್ತು. ಗಿಡದಾಗ ಮೊಳಕಿ ಒಡದಾವ. ಅರ್ಧಕ್ಕರ್ಧ ಹಳದಿ ರೋಗ."

ನಾನು ಬರೆದುಕೊಂಡದ್ದು ಹೀಗೆ: 'ಹಿಂದಿನ ಪೀಳಿಗೆಯ ಹೆಸರುಗಳು ಉತ್ತಮ. ಈ ಪೀಳಿಗೆಯ ಹೆಸರು ಕೆಟ್ಟಿದೆ. ಕಾರಣ: ಮಳೆ, ರೋಗ.' ರಾತ್ರಿ ಅದನ್ನು ಮತ್ತೆ ಓದಿದಾಗ ತಲೆಗೆ ಹೊಳೆಯಿತು. ಅಜ್ಜ ಹೇಳಿದ್ದು ಹೆಸರುಕಾಳಿನ ಸಂಗತಿ. ಸಾಮಾನ್ಯನಾದವನು ಆ ಹಾಳೆಯನ್ನು ಹರಿದು ಒಗೆಯುತ್ತಿದ್ದ. ಸಿದ್ಧಾಂತ ಕಟ್ಟಲು ಹೊರಟವನು ಕೈಗೆ ಸಿಕ್ಕ ಸಾಕ್ಷ್ಯವನ್ನು ಹಾಗೆಲ್ಲ ಬಿಡುವುದಿಲ್ಲ. ಮೇಲಾಗಿ ತಪ್ಪು ನನ್ನದೂ ಅಲ್ಲ, ಅಜ್ಜನದೂ ಅಲ್ಲ, ಕನ್ನಡದ್ದು. ತಮಿಳರು ನಾಮಕ್ಕೆ ಪೆಯರ್, ಕಾಳಿಗೆ ಪಯರು ಎಂದು ಎರಡನ್ನೂ ದೂರ ಇಟ್ಟಿದ್ದಾರೆ. ತೆಲುಗರು ಪೇರು ಬೇರೆ, ಪೆಸಲು ಬೇರೆ ಎಂದು ಬೇರ್ಪಡಿಸಿ, ಎರಡನೆಯದನ್ನು ರುಬ್ಬಿ ಪೆಸರಟ್ಟು ಹೊಯ್ದು ತಿಂದಿದ್ದಾರೆ. ಕನ್ನಡಿಗರು ಮಾತ್ರ ಎರಡನ್ನೂ ಒಂದೇ ಚೀಲಕ್ಕೆ ಸುರಿದು 'ಹೆಸರು' ಎಂದು ಬಾಯಿ ಕಟ್ಟಿದರು. ಅಂದಮೇಲೆ ಒಂದೇ ಹೆಸರಿನ ಇಬ್ಬರ ಸಮಸ್ಯೆ ನಮ್ಮಲ್ಲಿ 'ಹೆಸರು' ಎಂಬ ಶಬ್ದದಿಂದಲೇ ಶುರುವಾಗುತ್ತದೆ. ಒಂದಕ್ಕೆ ಸರಕಾರ ಬೆಂಬಲ ಬೆಲೆ ಕಟ್ಟಿದೆ, 2024-25ರಲ್ಲಿ ಕ್ವಿಂಟಲ್‌ಗೆ 8,682 ರೂಪಾಯಿ. ಇನ್ನೊಂದಕ್ಕೆ ಇನ್ನೂ ಕಟ್ಟಿಲ್ಲ.

ಬೇರೆಬೇರೆ ಕಾಲದ ಗಣ್ಯರು ಒಂದೇ ಹೆಸರು ಹೊತ್ತು ತಿರುಗುವ ವಿದ್ಯಮಾನವನ್ನು ಅಭ್ಯಸಿಸುವ ಈ ಶಾಸ್ತ್ರಕ್ಕೆ ನಾನು ಸಮನಾಮ ಮೀಮಾಂಸೆ ಎಂದು ಕರೆದಿದ್ದೇನೆ. ನನ್ನ ಅರ್ಹತೆ ಕೇಳುವವರಿಗೆ ಒಂದೇ ಮಾತು: ನಮ್ಮ ಕಡೆ ಒಂದೂಕಾಲಿಗೆ ಸವ್ವಾ, ಒಂದೂವರೆಗೆ ದೀಡ, ಎರಡೂವರೆಗೆ ಅಡೀಚ ಅನ್ನುತ್ತಾರೆ. ಊರಲ್ಲಿ ನನ್ನನ್ನು ದೀಡ ಪಂಡಿತ ಎಂದು ಕರೆಯುವುದುಂಟು. ಒಬ್ಬ ಪಂಡಿತನಿಗಿಂತ ಅರ್ಧ ಹೆಚ್ಚು ಎಂದೇ ನಾನು ಅದನ್ನು ಅರ್ಥೈಸಿಕೊಂಡಿದ್ದೇನೆ.

ಅಧಿಕರಣ 1: ಗಂಧರ್ವರ ತಕರಾರು

ಸಮನಾಮದ ಮೊದಲ ವ್ಯಾಜ್ಯ ಮಹಾಭಾರತದ ಆದಿಪರ್ವದಲ್ಲಿದೆ. ಶಂತನು ಸತ್ಯವತಿಯರ ಹಿರಿಮಗ ಚಿತ್ರಾಂಗದ. ಅದೇ ಹೆಸರಿನ ಗಂಧರ್ವರಾಜನೊಬ್ಬ ಅವನ ಮೇಲೆ ಏರಿಬಂದ. ನನ್ನ ಹೆಸರು ಬಿಡು, ಇಲ್ಲ ಕಾದು ಎಂದನಂತೆ. ಸರಸ್ವತಿಯ ದಂಡೆಯಲ್ಲಿ ಮೂರು ವರ್ಷ ಕಾದಾಟ ನಡೆಯಿತು. ಮನುಷ್ಯ ಚಿತ್ರಾಂಗದ ಸತ್ತ, ಗಂಧರ್ವ ಚಿತ್ರಾಂಗದ ಹೆಸರು ಉಳಿಸಿಕೊಂಡು ಮೇಲಕ್ಕೆ ಹೋದ. ತಮ್ಮ ವಿಚಿತ್ರವೀರ್ಯನಿಗೆ ಪಟ್ಟವಾಯಿತು, ಅವನು ಮಕ್ಕಳಿಲ್ಲದೆ ತೀರಿಕೊಂಡ, ವ್ಯಾಸರನ್ನು ಕರೆಸಿದರು, ಧೃತರಾಷ್ಟ್ರನೂ ಪಾಂಡುವೂ ಹುಟ್ಟಿದರು, ಮುಂದಿನದು ಎಲ್ಲರಿಗೂ ಗೊತ್ತು. ಹದಿನೆಂಟು ಅಕ್ಷೋಹಿಣಿ ಸೈನ್ಯ ಮಣ್ಣಾದದ್ದು ಜೂಜಿನಿಂದಲ್ಲ, ಸೀರೆಯಿಂದಲ್ಲ, ಒಂದು ಹೆಸರಿನ ತಕರಾರಿನಿಂದ ಎಂಬುದನ್ನು ಇಲ್ಲಿ ಮೊದಲ ಬಾರಿಗೆ ಮಂಡಿಸುತ್ತಿದ್ದೇನೆ.

ಈ ಕಥೆಯನ್ನು ಹತ್ತು ಪರ್ವ ಕನ್ನಡಕ್ಕೆ ತಂದ ಕೋಳಿವಾಡದ ನಾರಣಪ್ಪ ಇದರಿಂದ ಪಾಠ ಕಲಿತವನು. ಅವನಿಗೆ ವ್ಯಾಸನ ಹೆಸರು ಬೇಕಿತ್ತು, ವ್ಯಾಸನ ಕೂಡ ಮೂರು ವರ್ಷ ಕಾದಾಡುವ ಉಸಾಬರಿ ಬೇಡವಾಗಿತ್ತು. ಹೆಸರಿನ ಮುಂದೆ 'ಕುಮಾರ' ಎಂದು ಒಂದು ಬೇಲಿ ಹಾಕಿ ಕುಮಾರವ್ಯಾಸನಾದ. ಅಣ್ಣಿಗೇರಿಯ ಮೊಮ್ಮಗ ಪಂಪ 941ರಲ್ಲಿ ವಿಕ್ರಮಾರ್ಜುನ ವಿಜಯ ಬರೆದು ಕವಿಗಳಿಗೆಲ್ಲ ಹಿರಿಯನಾದ ಮೇಲೆ, ನಾಗಚಂದ್ರ 'ಅಭಿನವ' ಎಂಬ ಬೇಲಿ ಹಾಕಿಕೊಂಡು ಅಭಿನವ ಪಂಪನಾದ. ಬೇಲಿಗಳ ಬೆಲೆ ಬೇರೆಬೇರೆ. ಕುಮಾರ ಅಂದರೆ ವಿನಯ, ಅಭಿನವ ಅಂದರೆ ಹಳೆಯವನ ಕಾಲ ಮುಗಿಯಿತು ಎಂಬ ಸೂಚನೆ.

ಇನ್ನು ಗಂಧರ್ವರು ಭೂಮಿಗೆ ಮರಳಿ ಬಂದದ್ದು ಇಪ್ಪತ್ತನೆಯ ಶತಮಾನದಲ್ಲಿ, ಬಂದದ್ದು ಮರಾಠಿ ರಂಗಭೂಮಿಗೆ, ಸಂಗೀತ ಕಛೇರಿಗೆ. ಈ ಸಲ ಒಬ್ಬನಲ್ಲ, ನಾಲ್ವರು. ನಾರಾಯಣ ಶ್ರೀಪಾದ ರಾಜಹಂಸರು ಬಾಲಗಂಧರ್ವರಾದರು. ಸೌದಾಗರ ಗೋರೆಯವರು ಛೋಟಾ ಗಂಧರ್ವರಾದರು. ಬೆಳಗಾವಿ ಜಿಲ್ಲೆಯ ಸುಳೇಭಾವಿಯಲ್ಲಿ ಹುಟ್ಟಿದ ಶಿವಪುತ್ರ ಕೋಂಕಾಳಿಮಠರು ಕುಮಾರ ಗಂಧರ್ವರಾದರು. ಕುಬಿಹಾಳದ ಪಕ್ಕದ ಕುಂದಗೋಳದ ರಾಮಭಾವು ಸವಾಯಿ ಗಂಧರ್ವರಾದರು. ನಾಲ್ಕು ಬೇಲಿ, ನಾಲ್ಕು ಹೊಲ. ಒಬ್ಬರೂ ಇನ್ನೊಬ್ಬರ ಮೇಲೆ ಏರಿಹೋಗಲಿಲ್ಲ. ಮಹಾಭಾರತದಿಂದ ನಾಟಕ ಕಂಪನಿಗೆ ಬರುವ ಹೊತ್ತಿಗೆ ಗಂಧರ್ವರಲ್ಲಿ ಆದ ಸುಧಾರಣೆ ಗಮನಾರ್ಹ.

ಸವಾಯಿ ಗಂಧರ್ವರ ಮನೆಗೆ ಗದಗಿನ ಕಡೆಯಿಂದ ಒಬ್ಬ ಭೀಮಸೇನ ಬಂದ. ಮೊದಲನೆಯ ಭೀಮಸೇನ ವಿರಾಟನ ಮನೆಯಲ್ಲಿ ಒಂದು ವರ್ಷ ಅಡುಗೆ ಮಾಡಿದವನು. ಈ ಭೀಮಸೇನ ಕುಂದಗೋಳದಲ್ಲಿ ಗುರುವಿನ ಮನೆಗೆ ಕೊಡಗಟ್ಟಲೆ ನೀರು ಹೊತ್ತವನು. ಅಲ್ಲಿ ಕೀಚಕವಧೆ, ಇಲ್ಲಿ ತೋಡಿ, ಪೂರಿಯಾ. ಇವರಿಬ್ಬರ ನಡುವೆ ಇನ್ನೂ ಇಬ್ಬರು ಭೀಮಸೇನರು ಸಿಗುತ್ತಾರೆ. ಔರಂಗಜೇಬನ ದಖನ್ ದಂಡಯಾತ್ರೆಯನ್ನು ಕಣ್ಣಾರೆ ಕಂಡು ಪಾರಸಿಯಲ್ಲಿ ಬರೆದಿಟ್ಟ ಭೀಮಸೇನ ಒಬ್ಬ, ನೇಪಾಳವನ್ನು ಮೂವತ್ತು ವರ್ಷ ಆಳಿಸಿದ ಪ್ರಧಾನಿ ಭೀಮಸೇನ ಥಾಪಾ ಇನ್ನೊಬ್ಬ. ಅಡುಗೆ, ವರದಿ, ರಾಜ್ಯಭಾರ, ಸಂಗೀತ: ಒಂದೇ ಹೆಸರು ಮಾಡದ ಕೆಲಸವಿಲ್ಲ. ಆದರೆ ಹೆಸರು ಹೇಳಿದ ಕೂಡಲೇ ಗದೆ ನೆನಪಾಗದೆ ತಂಬೂರಿ ನೆನಪಾಗುವುದು ನಮ್ಮ ಕಡೆ ಮಾತ್ರ. ಇದನ್ನು ನಾನು ಹೆಸರಿನ ಹಸ್ತಾಂತರ ಎನ್ನುತ್ತೇನೆ.

ಅಧಿಕರಣ 2: ಸವಾಯಿಯೋ ಮಡಿಯೋ

'ಸವಾಯಿ' ಎಂದರೆ ಒಂದೂಕಾಲು ಪಟ್ಟು. ಈ ಮಾತು ಹುಟ್ಟಿದ್ದೇ ಸಮನಾಮದ ಗೊಂದಲದಿಂದ ಎಂಬುದಕ್ಕೆ ರಾಜಸ್ಥಾನದಲ್ಲಿ ಆಧಾರವಿದೆ. ಆಮೇರಿನ ಮನೆತನದಲ್ಲಿ ಆಗಲೇ ಒಬ್ಬ ಮಿರ್ಜಾ ರಾಜಾ ಜೈಸಿಂಗ್ ಆಗಿ ಹೋಗಿದ್ದ, 1665ರಲ್ಲಿ ಶಿವಾಜಿಯ ಜೊತೆ ಪುರಂದರದ ಒಪ್ಪಂದ ಮಾಡಿಕೊಂಡವನು. ಅದೇ ಮನೆತನದಲ್ಲಿ, ಅದೇ ಹೆಸರಿನ ಇನ್ನೊಬ್ಬ ಹುಡುಗ ಪಟ್ಟಕ್ಕೆ ಬಂದಾಗ, ಇವನು ಆ ಹಳೆಯವನಿಗಿಂತ ಕಾಲು ಹೆಚ್ಚು ಎಂದು ಔರಂಗಜೇಬ 'ಸವಾಯಿ' ಕೊಟ್ಟನೆಂಬ ಕಥೆ ಇದೆ. ಈ ಒಂದೂಕಾಲು ಜೈಸಿಂಗನೇ 1727ರಲ್ಲಿ ಜೈಪುರ ಕಟ್ಟಿದ. ಅಲ್ಲಿನ ಅರಮನೆಯ ಮೇಲೆ ದೊಡ್ಡ ಧ್ವಜದ ಜೊತೆ ಕಾಲು ಗಾತ್ರದ ಇನ್ನೊಂದು ಧ್ವಜ ಹಾರುತ್ತದೆ. ಲೆಕ್ಕವನ್ನು ಇಷ್ಟು ಚೊಕ್ಕವಾಗಿ ಇಟ್ಟ ರಾಜಮನೆತನ ಬೇರೊಂದಿಲ್ಲ.

ಹಾಗಾದರೆ ಪ್ರತಿ ತಲೆಮಾರಿನ ಸಮನಾಮಿ ಹಿಂದಿನವನ ಸವ್ವಾ ಪಟ್ಟು ಎಂದು ಹಿಡಿಯೋಣ. ಮೂಲಪುರುಷನ ತೂಕ ಒಂದು ಎಂದಾದರೆ ನಾಲ್ಕು ಹೆಸರು ದಾಟಿದ ಮೇಲೆ ಬರುವವನ ತೂಕ 2.44. ಇದು ಸವಾಯಿ ಸಿದ್ಧಾಂತ.

ಕನ್ನಡ ಅರಸರು ಇಷ್ಟಕ್ಕೆ ತೃಪ್ತರಾಗಲಿಲ್ಲ. ಇಂಗ್ಲಿಷರು ರಾಜರಿಗೆ ಒಂದು, ಎರಡು, ಮೂರು ಎಂದು ಅಂಕಿ ಹಚ್ಚಿ ಸುಮ್ಮನಾಗುತ್ತಾರೆ. ನಾವು 'ಎರಡನೆಯ ಪುಲಿಕೇಶಿ' ಅನ್ನದೆ 'ಇಮ್ಮಡಿ ಪುಲಿಕೇಶಿ' ಅನ್ನುತ್ತೇವೆ. ಇಮ್ಮಡಿ ಎಂದರೆ ಸಾಲಿನಲ್ಲಿ ಎರಡನೆಯದಲ್ಲ, ಅಳತೆಯಲ್ಲಿ ಎರಡು ಪಟ್ಟು. ಮುಮ್ಮಡಿ ಅಂದರೆ ಮೂರು ಪಟ್ಟು, ನಾಲ್ವಡಿ ಅಂದರೆ ನಾಲ್ಕು. ಬೇರೆಯವರು ರಾಜರನ್ನು ಎಣಿಸುತ್ತಾರೆ, ಕನ್ನಡಿಗರು ಗುಣಿಸುತ್ತಾರೆ. ಮೈಸೂರಿನ ಮೊದಲ ಕೃಷ್ಣರಾಜ ಒಡೆಯರ ಕಾಲದಲ್ಲಿ ಅಧಿಕಾರವೆಲ್ಲ ದಳವಾಯಿಗಳ ಕೈಯಲ್ಲಿತ್ತು. ಇಮ್ಮಡಿ, ಮುಮ್ಮಡಿ ದಾಟಿ ನಾಲ್ವಡಿಯವರ ಹೊತ್ತಿಗೆ ಕನ್ನಂಬಾಡಿ ಕಟ್ಟೆ ಎದ್ದಿತು. ಎರಡನ್ನು ಮೂರರಿಂದ, ಅದನ್ನು ನಾಲ್ಕರಿಂದ ಗುಣಿಸಿದರೆ 24. ಕಾವೇರಿಯ ನೀರನ್ನು ನೋಡಿದವರು ಈ ಲೆಕ್ಕವನ್ನು ಅತಿಯೆನ್ನಲಾರರು.

ಮಡಿ ಸಿದ್ಧಾಂತಕ್ಕೆ ಒಂದು ತೊಡಕಿದೆ. ನಾಲ್ಕು ದಾಟಿದ ಮೇಲೆ ಕನ್ನಡಿಗರ ಉಸಿರು ಕಟ್ಟುತ್ತದೆ. ಕಲ್ಯಾಣದ ವಿಕ್ರಮಾದಿತ್ಯನನ್ನು ಯಾರೂ ಆರ್ಮಡಿ ಅನ್ನುವುದಿಲ್ಲ, ಆರನೆಯ ವಿಕ್ರಮಾದಿತ್ಯ ಎಂದು ಬರೇ ಅಂಕಿ ಕೊಟ್ಟು ಕೈತೊಳೆದುಕೊಳ್ಳುತ್ತಾರೆ. ಇದು ಆ ಮನುಷ್ಯನಿಗೆ ಆದ ಅನ್ಯಾಯ. ಉಜ್ಜಯಿನಿಯ ವಿಕ್ರಮಾದಿತ್ಯನ ಹೆಸರು ಹೊತ್ತವರು ಬಹಳ ಜನ, ಹೆಸರಿನ ಜೊತೆ ಶಕೆಯನ್ನೂ ಕೈಗೆತ್ತಿಕೊಂಡವನು ಇವನು. 1076ರಲ್ಲಿ ಪಟ್ಟವೇರಿದವನೇ ಶಕವರ್ಷವನ್ನು ಬದಿಗೆ ಸರಿಸಿ ಚಾಲುಕ್ಯ ವಿಕ್ರಮ ವರ್ಷ ಎಂದು ಹೊಸ ಎಣಿಕೆ ಶುರುಮಾಡಿದ. ಸಮನಾಮಿಗಳಲ್ಲಿ ಕ್ಯಾಲೆಂಡರಿಗೆ ಕೈ ಹಾಕಿದವನಿಗೆ ಆರ್ಮಡಿಯಲ್ಲ, ಅರವತ್ಮಡಿ ಸಲ್ಲಬೇಕಿತ್ತು.

ಕುಂದಗೋಳ ತಾಲೂಕಿನ ಊರುಗಳು ಈ ಗುಣಾಕಾರಕ್ಕೆ ಹೋಗಲಿಲ್ಲ ಎಂಬುದನ್ನು ಇಲ್ಲೇ ದಾಖಲಿಸಬೇಕು. ಹಿರೇನರ್ತಿ, ಚಿಕ್ಕನರ್ತಿ. ಹಿರೇಹರಕುಣಿ, ಚಿಕ್ಕಹರಕುಣಿ. ಹಿರೇಗುಂಜಳ, ಚಿಕ್ಕಗುಂಜಳ. ಇಬ್ಬರಿಗೆ ಒಂದು ಹೆಸರು, ಆಸ್ತಿ ಪಾಲಾದಂತೆ ಪಾಲು. ಚಿಕ್ಕನರ್ತಿಯವರು ತಮ್ಮೂರನ್ನು ಇಮ್ಮಡಿ ನರ್ತಿ ಎಂದು ಕರೆದುಕೊಳ್ಳಬಹುದಿತ್ತು. ಯಾಕೆ ಕರೆದುಕೊಳ್ಳಲಿಲ್ಲ ಎಂಬುದು ಸಂಶೋಧನೆಗೆ ತಕ್ಕ ವಿಷಯ.

ಅಧಿಕರಣ 3: ಸೊಸೆಯ ಬಾಯಿ

ನಮ್ಮ ಕಡೆ ಮೊಮ್ಮಗನಿಗೆ ಅಜ್ಜನ ಹೆಸರು ಇಡುತ್ತಾರೆ. ಮನೆಯ ಸೊಸೆ ಮಾವನ ಹೆಸರನ್ನು ಬಾಯಿಬಿಟ್ಟು ಹೇಳುವಂತಿಲ್ಲ. ಈ ಎರಡು ರೂಢಿಗಳನ್ನು ಒಂದೇ ಅಡುಗೆಮನೆಗೆ ಹಾಕಿದವರು ಯಾರೋ ತಿಳಿಯದು. ತಾನೇ ಹೆತ್ತ ಮಗುವಿನ ಹೆಸರು ಹಿಡಿದು ಕರೆಯಲು ತಾಯಿಗೆ ಬಾಯಿಲ್ಲ. ಅವಳು ಅಜ್ಜಪ್ಪ ಅನ್ನುತ್ತಾಳೆ, ಅಪ್ಪಣ್ಣ ಅನ್ನುತ್ತಾಳೆ, ಮಾವಾರ ಅನ್ನುತ್ತಾಳೆ. ನಾನು ಕುಳಿತಿದ್ದ ಕಟ್ಟೆಯ ಮಗ್ಗುಲ ಮನೆಯಿಂದ ಒಂದು ಧ್ವನಿ ಬಂತು: "ಅಜ್ಜಪ್ಪಾ, ಮತ್ತ ಚಡ್ಡ್ಯಾಗ ಮಾಡ್ಕೊಂಡ್ಯೇನೋ?" ಕಟ್ಟೆಯ ಮೇಲಿದ್ದ ಹಿರಿಯರು ತುಸು ಸರಿದು ಕುಳಿತರು. ಮಾವನಿಗೆ ಎದುರು ಆಡಲಾರದ ಮಾತನ್ನೆಲ್ಲ ಮಗನ ನೆವದಲ್ಲಿ ಆಡಲು ನಮ್ಮ ಹೆಣ್ಣುಮಕ್ಕಳು ಕಂಡುಕೊಂಡ ಈ ದಾರಿಯ ಎದುರು ನನ್ನ ಎರಡೂ ಸಿದ್ಧಾಂತಗಳು ಸಪ್ಪೆ.

ಬಾದಾಮಿಯ ಅರಮನೆಯಲ್ಲೂ ಇದೇ ನಡೆದಿರಬೇಕು. ಶಕ 465ರ, ಅಂದರೆ 543ರ ಬಂಡೆಯ ಶಾಸನದಲ್ಲಿ ಕೋಟೆ ಕಟ್ಟಿಸಿದ ಪುಲಿಕೇಶಿ ಅಜ್ಜ. ಅವನ ಮಗ ಕೀರ್ತಿವರ್ಮ. ಕೀರ್ತಿವರ್ಮನ ಮಗ ಮತ್ತೆ ಪುಲಿಕೇಶಿ, ನರ್ಮದೆಯ ದಂಡೆಯಲ್ಲಿ ಹರ್ಷವರ್ಧನನನ್ನು ತಡೆದವನು, 634ರ ಐಹೊಳೆ ಶಾಸನದಲ್ಲಿ ರವಿಕೀರ್ತಿ ಹೊಗಳಿದ್ದು ಇವನನ್ನೇ. ಅಜ್ಜನ ಹೆಸರು ಮೊಮ್ಮಗನಿಗೆ: ಥೇಟ್ ಕುಬಿಹಾಳದ ಪದ್ಧತಿ. ಹರ್ಷನನ್ನು ನಡುಗಿಸಿದ ಚಕ್ರವರ್ತಿಯನ್ನು ಅವನ ತಾಯಿ ಎಷ್ಟು ವರ್ಷ 'ಅಜ್ಜಪ್ಪಾ' ಎಂದು ಕೂಗಿದಳೋ, ಅದನ್ನು ಕಲ್ಲಿನಲ್ಲಿ ಕೊರೆಸುವ ಧೈರ್ಯ ರವಿಕೀರ್ತಿಗೂ ಆಗಲಿಲ್ಲ.

ಅದೇ ಮನೆಯಲ್ಲಿ ಅಡ್ಡಹೆಸರೂ ಇತ್ತು. ಇಮ್ಮಡಿ ಪುಲಿಕೇಶಿಯ ತಮ್ಮ ವಿಷ್ಣುವರ್ಧನ ವೆಂಗಿಯ ಕಡೆ ರಾಜ್ಯ ಕಟ್ಟಿದ. ಅವನನ್ನು ಇತಿಹಾಸ ಕುಬ್ಜ ವಿಷ್ಣುವರ್ಧನ ಎಂದೇ ಕರೆಯುತ್ತದೆ. ಯಾವ ಹಳ್ಳಿಗೆ ಹೋಗಿ ಬಸಪ್ಪ ಎಂದು ಕೂಗಿದರೂ ಗಿಡ್ಡ ಬಸಪ್ಪನೋ ಉದ್ದ ಬಸಪ್ಪನೋ, ಮಿಲ್ಟ್ರಿ ಬಸಪ್ಪನೋ ಕಂಡಕ್ಟರ್ ಬಸಪ್ಪನೋ ಎಂದು ಮರುಪ್ರಶ್ನೆ ಬರುತ್ತದಲ್ಲ, ಚಾಲುಕ್ಯರು ಬಿಟ್ಟುಹೋದ ಸಂಸ್ಕೃತಿ ಅದೇ. ಇಷ್ಟು ತಿಳಿದ ಮೇಲೆ ನನಗೆ ಒಂದು ಮಹತ್ವದ ನಿಷ್ಪತ್ತಿ ಹೊಳೆಯಿತು: ಕುಬ್ಜನ ಹಾಳ, ಕುಬ್ಜಹಾಳ, ಕುಬಿಹಾಳ! ಧಾರವಾಡದ ಶಂ. ಬಾ. ಜೋಶಿಯವರು ಊರ ಹೆಸರುಗಳಿಂದ ನಾಡಿನ ಕಥೆ ತೆಗೆದು ಒಂದು ಪುಸ್ತಕವನ್ನೇ ಬರೆದವರು. ಅವರಿಗೆ ಬೇಕಾಗಿದ್ದ ಆಧಾರಗಳು ನನಗೆ ಬೇಕಾಗಲಿಲ್ಲ, ಸಂಶೋಧನೆ ಅಷ್ಟು ಮುಂದುವರಿದಿದೆ. ನಿಷ್ಪತ್ತಿಯನ್ನು ಕಟ್ಟೆಯ ಮೇಲೆ ಘೋಷಿಸಿದೆ. "ಅಂದ್ರ ನಾವು ಗಿಡ್ಡರೇನ್ರಿ?" ಎಂದು ಆರಡಿ ಎತ್ತರದವರೊಬ್ಬರು ಎದ್ದು ನಿಂತರು. ನಿಷ್ಪತ್ತಿಯನ್ನು ಅಲ್ಲೇ ಹಿಂತೆಗೆದುಕೊಂಡಿದ್ದೇನೆ.

ಅಧಿಕರಣ 4

(ಇಲ್ಲಿ ಗ್ರಂಥಪಾತವಾಗಿದೆ. ಚಹಾ ಚೆಲ್ಲಿತು.)

ಅಧಿಕರಣ 5: ರಾಣಿಯರಿಗೆ ಊರು, ಜೊತೆಗೆ ಒಂದು ಗುಂಡು

ಕೆಳದಿಯ ಚೆನ್ನಮ್ಮ ಹದಿನೇಳನೆಯ ಶತಮಾನದವಳು, ಕಿತ್ತೂರಿನ ಚೆನ್ನಮ್ಮ ಹತ್ತೊಂಬತ್ತನೆಯ ಶತಮಾನದ ಮೊದಲ ಭಾಗದವಳು. ಇಬ್ಬರೂ ಗಂಡ ತೀರಿಕೊಂಡ ಮೇಲೆ ಸಂಸ್ಥಾನ ಹೊತ್ತವರು. ಇಬ್ಬರೂ ದತ್ತು ತೆಗೆದುಕೊಂಡವರು, ಕೆಳದಿಯಲ್ಲಿ ಬಸಪ್ಪನಾಯಕನನ್ನು, ಕಿತ್ತೂರಿನಲ್ಲಿ ಶಿವಲಿಂಗಪ್ಪನನ್ನು. ಇಬ್ಬರೂ ಆ ಕಾಲದ ಅತಿ ದೊಡ್ಡ ಶಕ್ತಿಯ ಎದುರು ನಿಂತವರು. ಶಿವಾಜಿಯ ಮಗ ರಾಜಾರಾಮನಿಗೆ ಆಸರೆ ಕೊಟ್ಟು ಔರಂಗಜೇಬನ ಸಿಟ್ಟು ಕಟ್ಟಿಕೊಂಡವಳು ಒಬ್ಬಳು. ದತ್ತಕ ಒಪ್ಪದ ಕಂಪನಿ ಸರಕಾರದ ಎದುರು ಕತ್ತಿ ಹಿರಿದವಳು ಇನ್ನೊಬ್ಬಳು. ಶಾಲೆಯ ಗ್ಯಾದರಿಂಗಿನಲ್ಲಿ ಇಬ್ಬರೂ ಒಂದೇ ರಟ್ಟಿನ ಕತ್ತಿ ಹಿಡಿದು, ಒಂದೇ ಕಚ್ಚೆ ಸೀರೆಯಲ್ಲಿ ಬರುತ್ತಾರೆ. ಹುಡುಗಿ ಬಾಯಿ ಬಿಟ್ಟಮೇಲೇ ಯಾವ ಚೆನ್ನಮ್ಮ ಎಂದು ತಿಳಿಯುವುದು, ಒಮ್ಮೊಮ್ಮೆ ಬಾಯಿ ಬಿಟ್ಟರೂ ತಿಳಿಯದು.

ನನ್ನ ಪ್ರಶ್ನೆ ಬೇರೆ. ಕಿತ್ತೂರಿನವಳನ್ನು ಯಾಕೆ ಯಾರೂ ಇಮ್ಮಡಿ ಚೆನ್ನಮ್ಮ ಎನ್ನಲಿಲ್ಲ? ಕೆಳದಿ ಚೆನ್ನಮ್ಮ, ಕಿತ್ತೂರು ಚೆನ್ನಮ್ಮ, ಬೆಳವಡಿ ಮಲ್ಲಮ್ಮ: ರಾಜರಿಗೆ ಮಡಿ, ರಾಣಿಯರಿಗೆ ಊರು. ಕುಬಿಹಾಳದ ಹೆಂಗಸರು ಇದಕ್ಕೆ ಉತ್ತರ ಕೊಟ್ಟರು. ಈ ಊರಿಗೆ ನಡೆಯಲು ಬಂದ ಸೊಸೆಯಂದಿರನ್ನು ಹೆಸರು ಹಿಡಿದು ಕರೆಯುವುದು ಕಡಿಮೆ, ಸಂಶಿಯಾಕಿ, ಯರಗುಪ್ಪಿಯಾಕಿ, ಗುಡಗೇರಿಯಾಕಿ ಎಂದು ತವರೂರು ಹಿಡಿದೇ ಕರೆಯುವುದು. ಒಂದೇ ಮನೆಗೆ ಇಬ್ಬರು ನೀಲವ್ವ ಬಂದರೂ ತಂಟೆಯಿಲ್ಲ. ಈ ನ್ಯಾಯದಲ್ಲಿ ಒಂದು ದೋಷ ಸಿಕ್ಕಿತು. ಕಿತ್ತೂರು ಚೆನ್ನಮ್ಮನ ತವರು ಬೆಳಗಾವಿ ಹತ್ತಿರದ ಕಾಕತಿ. ಲೆಕ್ಕದ ಪ್ರಕಾರ ಅವಳು ಕಾಕತಿಯಾಕಿ ಆಗಬೇಕಿತ್ತು. ಹೆಂಗಸರಲ್ಲಿ ಒಬ್ಬಳು ಅದನ್ನೂ ಬಿಡಿಸಿದಳು: "ತವರಮನಿ ಹೆಸರಿಂದ ಕರೀತೀವ್ರಿ, ಖರೆ. ಗಂಡನ ಊರು ಉಳಿಸಿದಾಕಿಗೆ ಗಂಡನ ಊರೂ ತನ್ನದಾಗತೈತಿ."

ಕಿತ್ತೂರಿನಲ್ಲಿ 1824ರ ಅಕ್ಟೋಬರ್ 23ರಂದು ಗುಂಡಿಗೆ ಬಿದ್ದವನು ಧಾರವಾಡದ ಕಲೆಕ್ಟರ್ ಸೇಂಟ್ ಜಾನ್ ಥ್ಯಾಕರೆ. ಗುಂಡು ಹೊಡೆದವನು ಅಮಟೂರ ಬಾಳಪ್ಪ ಎಂದು ನಾಡು ಹಾಡುತ್ತದೆ. ಸತ್ತ ಥ್ಯಾಕರೆಯ ಅಣ್ಣನ ಮಗ ವಿಲಿಯಂ ಮೇಕ್‌ಪೀಸ್ ಥ್ಯಾಕರೆ, ಕಲಕತ್ತೆಯಲ್ಲಿ ಹುಟ್ಟಿ ಲಂಡನ್ನಿನಲ್ಲಿ ದೊಡ್ಡ ಕಾದಂಬರಿಕಾರನಾದ. ಅವನ ಬರಹ ಮೆಚ್ಚಿದ ಕೇಶವ ಸೀತಾರಾಮ ಠಾಕರೆ ತಮ್ಮ ಮನೆತನದ ಹೆಸರಿನ ಇಂಗ್ಲಿಷ್ ಕಾಗುಣಿತವನ್ನು ಆ ಕಾದಂಬರಿಕಾರನ ಹಾಗೆ ತಿದ್ದಿಕೊಂಡರು. ಅವರ ಮಗ 1926ರ ಜನವರಿಯಲ್ಲಿ ಹುಟ್ಟಿದರು, ಬಾಳ ಠಾಕರೆ. ಕೊಂದವನ ಹೆಸರು ಮೊದಲಿಗೆ, ಸತ್ತವನ ಹೆಸರು ಕೊನೆಗೆ, ಎರಡೂ ಒಂದೇ ಮನುಷ್ಯನಲ್ಲಿ. ಬಾಳಪ್ಪನ ಬಾಳು ಬೇರೆ, ಮರಾಠಿಯ ಬಾಳ ಬೇರೆ ಎಂದು ಪೂರ್ವಪಕ್ಷದವರು ತಕ್ಷಣ ಎದ್ದೇಳುತ್ತಾರೆ. ಅವರಿಗೆ ನನ್ನ ಉತ್ತರ: ಕಿತ್ತೂರಿನಲ್ಲಿ ಗುಂಡು ಹಾರಿದ ದಿನ ತಿಂಗಳ 23, ಪುಣೆಯ ಆ ಜನನವೂ ತಿಂಗಳ 23. ವ್ಯುತ್ಪತ್ತಿಯನ್ನು ಬೇಕಾದರೆ ಬಿಟ್ಟುಕೊಡುತ್ತೇನೆ, ತಾರೀಖನ್ನು ಬಿಡಲಾರೆ.

ಅಧಿಕರಣ 6: ಒಬ್ಬರೋ ಇಬ್ಬರೋ

ಛಂದೋಂಬುಧಿ ಬರೆದ ನಾಗವರ್ಮ ಹತ್ತನೆಯ ಶತಮಾನದ ಕೊನೆಯವನು. ಕಾವ್ಯಾವಲೋಕನ ಬರೆದ ನಾಗವರ್ಮ ಅವನಿಗಿಂತ ಈಚಿನವನು. ಮೊದಮೊದಲಿನ ವಿದ್ವಾಂಸರು ಇಬ್ಬರನ್ನೂ ಒಬ್ಬನೇ ಎಂದುಕೊಂಡಿದ್ದರು, ಆಮೇಲಿನವರು ಸೀಳಿ ಇಬ್ಬರನ್ನಾಗಿ ಮಾಡಿದರು. ಚಾವುಂಡರಾಯರೂ ಇಬ್ಬರು. ಒಬ್ಬ ಶ್ರವಣಬೆಳಗೊಳದಲ್ಲಿ ಗೊಮ್ಮಟನನ್ನು ನಿಲ್ಲಿಸಿದ, ಇನ್ನೊಬ್ಬ ನಾಲ್ಕೈದು ದಶಕಗಳ ನಂತರ ಲೋಕೋಪಕಾರ ಬರೆದು ಬಾವಿಗೆ ನೀರು ಎಲ್ಲಿ ಸಿಗುತ್ತದೆ, ಗಿಡಕ್ಕೆ ರೋಗ ಬಂದರೆ ಏನು ಮಾಡಬೇಕು, ಅಡುಗೆಯನ್ನು ರುಚಿಯಾಗಿ ಹೇಗೆ ಮಾಡಬೇಕು ಎಂದು ಹೇಳಿದ. ಕುಬಿಹಾಳದಲ್ಲಿ ಮತ ಕೇಳಿದೆ. ಎಲ್ಲರೂ ಎರಡನೆಯವನ ಕಡೆ. ಬೋರು ಹಾಕಿಸಿ ಸಾಲವಾದವರು ಎರಡೂ ಕೈ ಎತ್ತಿದರು.

ಈ ಸೀಳುವ ಕಲೆ ಸಾಹಿತ್ಯ ಚರಿತ್ರೆಯಲ್ಲಷ್ಟೇ ಇಲ್ಲ, ಪಹಣಿಯಲ್ಲೂ ಇದೆ. ಬಸಪ್ಪನ ಮಗ ಶಿವಪ್ಪ, ಶಿವಪ್ಪನ ಮಗ ಬಸಪ್ಪ, ಅವನ ಮಗ ಮತ್ತೆ ಶಿವಪ್ಪ. ಪಹಣಿಯ ಒಂಬತ್ತನೆಯ ಕಲಮಿನಲ್ಲಿ 'ಬಸಪ್ಪ ತಂದೆ ಶಿವಪ್ಪ' ಎಂದಿದ್ದರೆ ಅದು ಬದುಕಿರುವವನೋ ಅಜ್ಜನ ಅಜ್ಜನೋ ಎಂದು ಹೇಳಲು ಇನ್ನೊಬ್ಬ ಕವಿಚರಿತೆಕಾರನೇ ಹುಟ್ಟಿಬರಬೇಕು. ಬದುವಿನ ಮೇಲೆ ಸಿಕ್ಕ ಅಜ್ಜನದೇ ಕಥೆ ಇದು. ಒಂದು ವರ್ಷ ಹೆಸರು ಬೆಳೆ ಹೋಯಿತು, ವಿಮೆಯ ದುಡ್ಡು ಬಂತು, ಬಂದದ್ದು ಅದೇ ಹೆಸರಿನ, ಅಪ್ಪನ ಹೆಸರೂ ಅದೇ ಆಗಿದ್ದ ಇನ್ನೊಬ್ಬರ ಖಾತೆಗೆ. ಯಾವ ಕಚೇರಿಯಲ್ಲಿ ಈ ಅಧ್ಯಾಸ ಸಂಭವಿಸಿತು ಎಂದು ಹೇಳುವುದು ಶಾಸ್ತ್ರಸಮ್ಮತವಲ್ಲ. "ಹೆಸರೂ ಹೋತು, ಹೆಸರಿನ ರೊಕ್ಕಾನೂ ಹೋತು, ಯಾಕ ಹೋತು ಅಂದ್ರ ಹೆಸರಿನ ಸಲುವಾಗಿ ಹೋತು," ಅಂದರು ಅಜ್ಜ. ಈ ಒಂದು ವಾಕ್ಯದಲ್ಲಿ ಶಬ್ದ ಮೂರು ಸಲ ಎರಡೆರಡು ಅರ್ಥ ಹಿಡಿದು ಬಂದುಹೋದದ್ದನ್ನು ಕೇಶಿರಾಜ ಕಂಡಿದ್ದರೆ ಶಬ್ದಮಣಿದರ್ಪಣಕ್ಕೆ ಒಂದು ಸೂತ್ರ ಹೆಚ್ಚುತ್ತಿತ್ತು.

ಹುಟ್ಟಿದಾಗ ಇಲ್ಲದ ಹೆಸರನ್ನು ಆಮೇಲೆ ಎರವಲು ತಂದವರ ಮಾತು ಬೇರೆಯೇ. ಹೊಯ್ಸಳರ ಬಿಟ್ಟಿದೇವ ಮತ ಬದಲಿಸಿ ವಿಷ್ಣುವರ್ಧನನಾದ ಎನ್ನುತ್ತಾರೆ, ತಲಕಾಡು ಗೆದ್ದ, 1117ರಲ್ಲಿ ಬೇಲೂರಿನ ಗುಡಿ ಮಾಡಿಸಿದ, ಕೊನೆಗಾಲಕ್ಕೆ ನಮ್ಮ ಬಂಕಾಪುರದಲ್ಲಿ ಬೀಡುಬಿಟ್ಟ. ಸಂಪತ್‌ಕುಮಾರ್ ಎಂಬ ತರುಣ ಕಣಗಾಲ್ ಪುಟ್ಟಣ್ಣನವರ ಕೈಗೆ ಸಿಕ್ಕು 1972ರ ನಾಗರಹಾವಿನಲ್ಲಿ ವಿಷ್ಣುವರ್ಧನನಾದ. ಇಬ್ಬರಲ್ಲಿ ಯಾರಿಗೂ ತಾಯಿ ಇಟ್ಟ ಹೆಸರಲ್ಲ ಅದು. ಹೊಯ್ಸಳರ ಲಾಂಛನದಲ್ಲಿ ಸಳ ಸಿಂಹವನ್ನು ಇರಿಯುತ್ತಾನೆ (ಹುಲಿ ಎನ್ನುವವರು ತಮ್ಮ ಪ್ರಬಂಧ ತಾವೇ ಬರೆದುಕೊಳ್ಳಲಿ). ಸಿನಿಮಾದ ವಿಷ್ಣುವರ್ಧನ ತಾನೇ ಸಾಹಸಸಿಂಹನಾದ. ಎಂಟೂವರೆ ಶತಮಾನ ಹೆಸರು ನಡೆದು ಬರುವಷ್ಟರಲ್ಲಿ ಇರಿದ ಮನೆಯೂ ಇರಿಸಿಕೊಂಡ ಸಿಂಹವೂ ಒಂದೇ ಪೋಸ್ಟರಿಗೆ ಬಂದವು.

ಉತ್ತರಪಕ್ಷ

ಹೊರಡುವ ದಿನ ಅಜ್ಜನಿಗೆ ಸವಾಯಿ ಸಿದ್ಧಾಂತ ವಿವರಿಸಿದೆ. ಒಂದೇ ಹೆಸರು ಮತ್ತೆ ಮತ್ತೆ ಬಂದಷ್ಟೂ ತೂಕ ಏರುತ್ತದೆ, ನಾಲ್ಕು ಸಲಕ್ಕೆ 2.44 ಎಂದೆ. ಅಜ್ಜ ಬೀಡಿ ಒತ್ತಿ ಆರಿಸಿದರು.

"ನೀ ಹೇಳೂದು ಉಲ್ಟಾ ಐತಿ ತಮ್ಮಾ. ಮನ್ಯಾಗಿನ ಬೀಜಾನ ಮತ್ತ ಮತ್ತ ಬಿತ್ತಿದ್ರ ಹೆಸರು ಇಳೀತೈತಿ. ಮೂರು ವರ್ಷ ನಡದೀತು. ನಾಕನೇ ವರ್ಷ ಬೀಜ ಬದಲಿ ಮಾಡಬೇಕು. ಈಗ ಧಾರವಾಡ ಕೃಷಿ ವಿದ್ಯಾಲಯದ್ದು ಡಿಜಿಜಿವಿ-2 ಹಾಕೇವಿ."

"ಮತ್ತ ಮೊಮ್ಮಗನ ಹೆಸರು?"

"ಅದನ್ನೂ ಬದಲಿ ಮಾಡ್ಯಾರ." ಅಜ್ಜ ಅಂಗಳದ ಕಡೆ ನೋಡಿದರು. "ಆರ್ಯನ್ ಅಂತ ಇಟ್ಟಾರ. ನನ್ನ ಸೊಸಿ ಈಗ ಹೆಸರ ಹಿಡದ ಒದರತಾಳ, ಯಾರ ಹೆದರಿಕೀನೂ ಇಲ್ಲ." ತುಸು ಹೊತ್ತು ಸುಮ್ಮನಿದ್ದು ಅಂದರು, "ಊರಾಗ ಇನ್ನೂ ನಾಕ ಆರ್ಯನ್ ಅದಾರ. ಮನ್ನೆ ಅಂಗನವಾಡಿಯಾಗ ಗಿಡ್ಡ ಆರ್ಯನ್, ಕರೇ ಆರ್ಯನ್ ಅಂತ ಕರೀಲಿಕತ್ತಿದ್ರು."

ಆಮೇಲೆ ನನ್ನ ಕಡೆ ತಿರುಗಿ, "ಹೋಗಲಿ ಬಿಡು, ನಾಕ ದಿನದಿಂದ ತಿರಗಾಡಾಕತ್ತಿ, ನಿನ್ನ ಹೆಸರ ಏನಂತ ಕೇಳಲೇ ಇಲ್ಲ ನೋಡು."

"ಬಸವರಾಜ ರೀ. ಮನ್ಯಾಗ ಬಸಪ್ಪ ಅಂತಾರ."

ಅಜ್ಜ ನಕ್ಕರು. ಮಧ್ಯಾಹ್ನದ ಹೊತ್ತಿಗೆ ಊರು ನನಗೆ ಹೆಸರ ಬಸಪ್ಪ ಎಂದು ನಾಮಕರಣ ಮಾಡಿ ಮುಗಿಸಿತ್ತು, ನಾಮದ ಹೆಸರೋ ಕಾಳಿನ ಹೆಸರೋ ಕೇಳುವ ಧೈರ್ಯ ನನಗೆ ಆಗಲಿಲ್ಲ. ಹೊರಡುವ ಮುಂದೆ ಒಂದು ಸಣ್ಣ ಚೀಲ ಹೆಸರುಕಾಳು ಕೊಡುತ್ತೇನೆಂದರು, ಚಾದಂಗಡಿಯಲ್ಲಿ ಇಟ್ಟಿರುತ್ತೇನೆ, 'ಬಸಪ್ಪಗ' ಅಂತ ಚೀಟಿ ಬರೆದಿರುತ್ತೇನೆ ಅಂದರು. ನಾನು ಚಾದಂಗಡಿಗೆ ಹೋಗುವಷ್ಟರಲ್ಲಿ ಚೀಲ ಇರಲಿಲ್ಲ. "ಬಸಪ್ಪ ಒಯ್ದ್ನಲ್ರಿ," ಅಂದ ಅಂಗಡಿಯವ. "ಯಾವ ಬಸಪ್ಪ?" ಅಂದೆ. ಅವನು ಮೂರು ಬಸಪ್ಪರ ಲಕ್ಷಣ ಹೇಳಿದ, ಒಬ್ಬ ಇನ್ನೂ ದೂರದಲ್ಲಿ ಹೋಗುತ್ತಿರುವುದು ಕಾಣುತ್ತಿತ್ತು, ಆಳು ಗಟ್ಟಿಮುಟ್ಟಾಗಿದ್ದ, ಹೆಗಲ ಮೇಲೆ ಚೀಲ. ಶಾಸ್ತ್ರದ ಪ್ರಕಾರ ನಾನು ಅವನ ಮೇಲೆ ಏರಿಹೋಗಿ ಮೂರು ವರ್ಷ ಕಾದಾಡಬೇಕು. ಅಷ್ಟರಲ್ಲಿ ಬಸ್ಸು ಬಂತು, ನಾನು ಹತ್ತಿದೆ.